ಹೂವಿನೊಳಗೊಂದು ಗೋಣಿನೂಲು

ನನ್ನ ಗಂಡ ಚೆನ್ನಕೇಶವನ್ ಅವರಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ. ಮದುವೆಯಾದ ಹೊಸತರಲ್ಲಿ ಧಾರಾಪುರದ ಬೀದಿಯಲ್ಲಿ ನನ್ನ ಸ್ವಂತ ಚಿಕ್ಕಪ್ಪ ಎದುರು ಬಂದು ನಕ್ಕರೂ ಯಾರೋ ಏನೋ ಎಂದು ದಾಟಿ ಹೋದರು. ಹೋಗಿ, ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಯಾವುದೋ ಸೊಪ್ಪನ್ನು ಮೂಸಿ ನೋಡುತ್ತಿದ್ದರು. ಚಿಕ್ಕಪ್ಪನ ಕೋಪ ಇನ್ನೂ ಇಳಿದಿಲ್ಲ. ಗಿಡದ ಹೆಸರನ್ನು ಮಾತ್ರ ಇವರು ಮರೆತದ್ದೂ ಇಲ್ಲ, ತಪ್ಪಿ ಹೇಳಿದ್ದೂ ಇಲ್ಲ.

ಕೊಯಮತ್ತೂರಿನಲ್ಲಿ ಸರ್ಕಾರದ ಅರಣ್ಯ ಕಚೇರಿಯೊಂದರಲ್ಲಿ ಒಣಗಿದ ಗಿಡಗಳ ಹೆಸರು ಕಂಡುಹಿಡಿದು, ದಪ್ಪ ಕಾಗದಕ್ಕೆ ಹಚ್ಚಿ ಜೋಡಿಸಿಡುವುದು ಇವರ ಉದ್ಯೋಗ. ರೆಂಬೆಯನ್ನು ಕಾಗದಕ್ಕೆ ಸೂಜಿ ದಾರದಿಂದ ಹೊಲಿಯಬೇಕು. ಅಂಟು ಹಾಕಿದರೆ ಹುಳು ಬರುತ್ತದಂತೆ. ಅದಕ್ಕೆ ಕಚೇರಿಯವರು ಆಳು ಕೊಟ್ಟಿರಲಿಲ್ಲ. ನಾನು ನೇಯುವವರ ಮನೆಯ ಮಗಳು, ಕೈ ಸೂಕ್ಷ್ಮ, ಬಿಟ್ಟಿಯಾಗಿ ಸಿಕ್ಕಿದ್ದೆ. ನಮ್ಮ ಅಡಿಗೆಮನೆಯಲ್ಲಿ ಒಗ್ಗರಣೆಯ ವಾಸನೆಯ ನಡುವೆ ಎಷ್ಟೋ ಕಾಡುಗಳನ್ನು ನಾನು ಹೊಲಿದಿದ್ದೇನೆ.

ಒಮ್ಮೆ ದೀಪಾವಳಿಯ ದಿನ ಎಣ್ಣೆ ಹಚ್ಚಿಕೊಂಡು ಕೂತವರು ತಟ್ಟನೆ ಎದ್ದು ಪಂಚೆ ಉಟ್ಟು ಹೊರಟರು. ಹಿಂದಿನ ದಿನ ಒಂದು ಹುಲ್ಲಿಗೆ ತಪ್ಪು ಹೆಸರು ಹಾಕಿದೆನೇನೋ ಎಂಬ ಅನುಮಾನ. ಕಚೇರಿಗೆ ಬೀಗ ಹಾಕಿತ್ತು. ಕಾವಲುಗಾರನನ್ನು ಅವನ ಮನೆಯಿಂದ ಎಬ್ಬಿಸಿಕೊಂಡು ಬಂದು ನೋಡಿದರೆ ಹೆಸರು ಸರಿಯಾಗಿಯೇ ಇತ್ತು. ತಲೆಯ ಎಣ್ಣೆ ಒಣಗಿ, ಮಣ್ಣು ಮೆತ್ತಿಕೊಂಡು ನಗುತ್ತಾ ಮನೆಗೆ ಬಂದರು. ನಾನು ಆ ದಿನ ಅವರನ್ನು ಮಾತನಾಡಿಸಲಿಲ್ಲ.

ಅಂಥವರನ್ನು ಮೂವತ್ತೈದನೆಯ ಇಸವಿಯ ಮಾಸಿ ತಿಂಗಳಲ್ಲಿ, ಬೇಸಿಗೆ ಹತ್ತುವ ಹೊತ್ತಿಗೆ, ಆನೆಮಲೆಗೆ ಕಳಿಸಿದರು. ಅಲ್ಲೊಂದು ಚಹಾ ಕಂಪನಿ ಸರ್ಕಾರದಿಂದ ಕಾಡು ಗುತ್ತಿಗೆ ಹಿಡಿದು, ಮಳೆಗಾಲದೊಳಗೆ ಕಡಿದು ಸುಟ್ಟು ಚಹಾ ನೆಡುವ ಅವಸರದಲ್ಲಿತ್ತು. ಅದೇ ಬೆಟ್ಟದಲ್ಲಿ ಬಹಳ ಹಿಂದೆ ಯಾರೋ ಒಬ್ಬ ಬಿಳಿಯ ದೊರೆ ಧೂಪದ ಮರದ ಜಾತಿಗೆ ಸೇರಿದ ಒಂದು ಮರವನ್ನು ಕಂಡು, ಅದರ ಹೂವನ್ನು ಕೂಲಂಕಷವಾಗಿ ವರ್ಣಿಸಿ ಹೋಗಿದ್ದ. ಆಮೇಲೆ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಈಗ ಕಡಿಯಬೇಕಾದ ಒಂದು ಇಳಿಜಾರಿನಲ್ಲಿ ಅಂಥದೇ ಒಂದು ಮರ ಇದೆಯೆಂದು ಸುದ್ದಿ ಬಂದಿತ್ತು. ಕಚೇರಿಯ ಆಜ್ಞೆ ನೇರವಾಗಿತ್ತು: ಆ ಮರ ಅಲ್ಲಿ ನಿಂತಿದ್ದರೆ ಆ ಇಳಿಜಾರಿನ ಕಾಡು ಪೂರ್ತಿ ಉಳಿಯುತ್ತದೆ, ಇಲ್ಲದಿದ್ದರೆ ಕೊಡಲಿಗೆ. ಹೌದೋ ಅಲ್ಲವೋ ಎಂದು ಹೇಳಬೇಕಾದವರು ನನ್ನ ಗಂಡ.

ನಾನೂ ಹೋದದ್ದು ನನ್ನ ಅತ್ತೆ ಕಮಲಾಕ್ಷಮ್ಮನವರ ಹಟದಿಂದ. ಹಿಂದಿನ ಸಲ ಬೆಟ್ಟಕ್ಕೆ ಹೋದಾಗ ಇವರು ಚಳಿಜ್ವರ ಹಿಡಿಸಿಕೊಂಡು, ವಾಪಸು ಬರುತ್ತಾ ಕಿಣತ್ತುಕಡವು ಸ್ಟೇಷನ್ನಿನಲ್ಲೇ ರೈಲಿನಿಂದ ಕೆಳಗೆ ಬಿದ್ದಿದ್ದರು. "ಮರ ಅವನು ನೋಡ್ಕೊಳ್ಳಲಿ, ಅವನನ್ನ ನೀನು ನೋಡ್ಕೋ" ಎಂದು ಅತ್ತೆ ಕ್ವಿನೈನ್ ಮಾತ್ರೆಯ ಡಬ್ಬಿಯನ್ನು ನನ್ನ ಸೆರಗಿಗೇ ಕಟ್ಟಿದರು.

ಎಸ್ಟೇಟಿನ ಮ್ಯಾನೇಜರ್ ಜಯರಾಮನ್ ಮರ್ಯಾದಸ್ಥ ಮನುಷ್ಯ. ತಮಿಳಿನಲ್ಲಿ ಮೆಲ್ಲಗೆ ಮಾತನಾಡುತ್ತಿದ್ದ. ನಮಗೆ ಇಳಿದುಕೊಳ್ಳಲು ತಗಡಿನ ಮಾಡಿನ ಕೋಣೆ ಕೊಟ್ಟು, ಕಾಫಿ ಕೊಡಿಸಿ, ಕಡಿಯುವ ಜನ ಸುಮ್ಮನೆ ಕೂತಿದ್ದಾರೆ, ನಾಳೆ ಬೆಳಗಿನ ಹಾಜರಿ ಮುಗಿಯುವುದರೊಳಗೆ ಒಂದು ಮಾತು ಹೇಳಿಬಿಡಿ, ಅದರ ಮೇಲೆ ಕಾಯಲು ನನ್ನಿಂದಾಗದು ಎಂದ. ಅವನ ಮೇಲೆ ಕೋಪ ಮಾಡಿಕೊಳ್ಳಲು ನಾನು ತುಂಬಾ ಪ್ರಯತ್ನಪಟ್ಟೆ, ಆಗಲಿಲ್ಲ.

ಮರವನ್ನು ತೋರಿಸಿದವನು ಕಡಿಯುವ ತಂಡದ ಮೇಸ್ತ್ರಿ ಅಂಗಪ್ಪನ್. ಮನೆಯಲ್ಲಿ ನಮ್ಮ ಹಾಗೇ ಕನ್ನಡದವನು, ನಮ್ಮ ಹಾಗೇ ಮರ್ಯಾದೆಗೆ ಮಾತಿನ ಕೊನೆಗೊಂದು ತಮಿಳಿನ 'ಉಂಗ' ಸೇರಿಸುವವನು. ಇಳಿಜಾರಿನ ಮೇಲ್ಭಾಗವನ್ನು ಅವನ ಜನ ಆಗಲೇ ಕಡಿದು ಮುಗಿಸಿದ್ದರು. ಕೆಳಗೆ ನೆರಳು ದಟ್ಟವಾಗಿತ್ತು. ನಡುಹಗಲಿನಲ್ಲೂ ಸೆರಗು ಹೊದ್ದುಕೊಳ್ಳುವಷ್ಟು ಚಳಿ. ಮರ ಸೀದಾ ಮೇಲೆದ್ದು ಮಂಜಿನೊಳಗೆ ಹೋಗಿಬಿಟ್ಟಿತ್ತು. ಕೊಂಬೆ ಎಲ್ಲಿ ಶುರುವಾಗುತ್ತದೆಂದೇ ಕಾಣುತ್ತಿರಲಿಲ್ಲ.

"ಹತ್ತೋಕಾಗುತ್ತಾ?" ಎಂದು ಇವರು ಕೇಳಿದರು.

"ನಾವು ಬೀಳಿಸೋರುಂಗ, ಹತ್ತೋರಲ್ಲ" ಎಂದ ಅಂಗಪ್ಪನ್. "ಜೇನು ಕೀಳೋರು ಹತ್ತುತ್ತಾರೆ. ಅವರು ಆಚೆ ಬೆಟ್ಟಕ್ಕೆ ಹೋಗಿದಾರೆ."

ಎತ್ತರದ ಮರದ ಹೂವನ್ನು ನೆಲದಲ್ಲಿ ಹುಡುಕುವುದು ಇವರ ಕಸುಬಿನವರ ರೂಢಿ. ತಾನಾಗಿ ಉದುರಿದ್ದು ಸಿಕ್ಕರೆ ಪುಣ್ಯ. ಇಬ್ಬರೂ ಮೊಣಕಾಲೂರಿ ಒದ್ದೆ ಎಲೆಗಳನ್ನು ಕೆದಕಿದೆವು. ಜಿಗಣೆಗಳು ನನ್ನ ಕಣಕಾಲನ್ನು ಸಂತೋಷದಿಂದ ಹಂಚಿಕೊಂಡವು. ಬೆಳಕು ಇಳಿಯುವ ಹೊತ್ತಿಗೆ ಮರದ ಬುಡದ ಬೇರುಗಳ ನಡುವೆ ಇವರ ಕೈಗೆ ಹೂವು ಸಿಕ್ಕಿತು. ಒಂದಲ್ಲ, ಒಂದು ಹಿಡಿಯಷ್ಟು. ತೊಟ್ಟಿಲ್ಲದ, ಬಾಡಿದ, ಕೆನೆಯ ಬಣ್ಣದ ಹೂವುಗಳು.

ಅಲ್ಲೇ ಬೇರಿನ ಮೇಲೆ ಕೂತು, ಭೂತಗನ್ನಡಿ ಕಣ್ಣಿಗೆ ಹಿಡಿದು, ಸೂಜಿಯ ಮೊನೆಯಿಂದ ಒಂದು ಹೂವನ್ನು ಬಿಡಿಸತೊಡಗಿದರು. ದೊರೆಯ ವರ್ಣನೆ ಇವರಿಗೆ ಬಾಯಿಪಾಠ. ಎಸಳಿನ ತಿರುವು ಹಾಗೇ ಇತ್ತು. ಕೇಸರದ ತುದಿಯಲ್ಲಿ ಬಾಲದಂಥ ಎಳೆ ಇರಬೇಕು, ಆ ಎಳೆಯ ಮೇಲೆ ರೋಮ ಇರಬೇಕು. ರೋಮವಿಲ್ಲದಿದ್ದರೆ ಅದರ ದಾಯಾದಿ ಮರ, ಈ ಬೆಟ್ಟದಲ್ಲಿ ಬೇಕಾದಷ್ಟಿವೆ. ಎಲೆ, ತೊಗಟೆ, ಬೀಜ, ಸಸಿ ಎಲ್ಲ ಎರಡಕ್ಕೂ ಒಂದೇ; ಹೂವೊಂದೇ ಬೇರೆ. ನಾನು ಉಸಿರು ಬಿಟ್ಟರೆ ಕೇಸರ ಹಾರಿಹೋದೀತೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

"ಇದೆ" ಎಂದರು. "ರೋಮ ಇದೆ, ಶಾರದ."

ಕನ್ನಡಿಯನ್ನು ನನಗೂ ಕೊಟ್ಟರು. ನಾನು ನೋಡುತ್ತಿರುವಾಗ ಇವರು ಎದ್ದು ಮರದ ತೊಗಟೆಯ ಮೇಲೆ ಅಂಗೈ ಇಟ್ಟು, ನೆಂಟರನ್ನು ಬಸ್ಸಿನಿಂದ ಇಳಿಸಿಕೊಳ್ಳಲು ಹೋದವರ ಹಾಗೆ ಸುಮ್ಮನೆ ನಗುತ್ತಾ ನಿಂತಿದ್ದರು. ನನಗೆ ಆ ಕ್ಷಣ ಇವರ ಮೇಲೆ ಎಷ್ಟು ಪ್ರೀತಿ ಬಂತೆಂದು ಹೇಳಲು ನಾಚಿಕೆಯಿಲ್ಲ.

ಮರುದಿನ ಬೆಳಗ್ಗೆ ಹಾಜರಿಯ ತಮಟೆ ಇನ್ನೂ ಬಾರಿಸಿರಲಿಲ್ಲ. ಮ್ಯಾನೇಜರಿಗೆ ಮಾತು ಹೇಳುವುದರ ಜೊತೆಗೆ ಒಂದೆರಡು ಹೂವನ್ನೂ ಟಪಾಲಿನವನ ಕೈಯಲ್ಲಿ ಕಚೇರಿಗೆ ಕಳಿಸಬೇಕಿತ್ತು. ಇವರು ಕೆಳಗೆ ತೊರೆಗೆ ಸ್ನಾನಕ್ಕೆ ಹೋದರು. ನಾನು ಬಾಗಿಲ ಬೆಳಕಿನಲ್ಲಿ ಕೂತು ಕಾಗದಕ್ಕೆ ಹೂವು ಹೊಲಿಯತೊಡಗಿದೆ. ತೊಟ್ಟಿಲ್ಲದ ಹೂವನ್ನು ಬುಡದ ಬಟ್ಟಲಲ್ಲೇ ಚುಚ್ಚಿ ಹಿಡಿಸಬೇಕು. ಚುಚ್ಚಿದೆ. ಸೂಜಿ ಯಾವ ತಡೆಯೂ ಇಲ್ಲದೆ ಆಚೆ ಬಂತು.

ಹುಳು ಕೊರೆದಿದೆಯೆಂದು ಬೇರೆ ಹೂವು ತೆಗೆದುಕೊಂಡೆ. ಅದರಲ್ಲೂ ಅದೇ ಜಾಗದಲ್ಲಿ ತೂತು. ಒಂದೊಂದಾಗಿ ಎಲ್ಲವನ್ನೂ ನೋಡಿದೆ. ಎಲ್ಲಕ್ಕೂ ನಡುವಿನಲ್ಲೇ, ಈ ಕಡೆಯಿಂದ ಆ ಕಡೆಗೆ. ಕೊನೆಯದರ ತೂತಿನಲ್ಲಿ ಕೂದಲಿಗಿಂತ ಚೂರು ದಪ್ಪಗೆ ಒಂದು ಕಂದು ಎಳೆ ಸಿಕ್ಕಿಕೊಂಡಿತ್ತು. ಉಗುರಿನಿಂದ ಎಳೆದು ಬೆರಳ ನಡುವೆ ಹೊಸೆದೆ. ನನಗೆ ಭೂತಗನ್ನಡಿ ಬೇಕಾಗಲಿಲ್ಲ. ಅಕ್ಕಿ ಮೂಟೆಯ ಗೋಣಿನೂಲು. ಯಾವ ಮರವೂ ಗೋಣಿನೂಲು ಬಿಡುವುದಿಲ್ಲ.

ಈ ಹೂವುಗಳನ್ನು ಯಾರೋ ಮಾಲೆ ಕಟ್ಟಿದ್ದಾರೆ. ಮಾಲೆ ಕಟ್ಟಿದ ಮೇಲೆ ಅದು ಉದುರಿದ ಹೂವಲ್ಲ, ತಂದ ಹೂವು.

ಅಂಗಪ್ಪನ್ ಅಂಗಳದ ಕಲ್ಲಿನ ಮೇಲೆ ಕೊಡಲಿ ಮಸೆಯುತ್ತಿದ್ದ. ಅಂಗೈಯಲ್ಲಿ ಹೂವು ಹಿಡಿದು ಅವನ ಮುಂದೆ ಕುಳಿತೆ.

"ಮೇಸ್ತ್ರಿ, ಆ ದೊಡ್ಡ ಮರದ ಬುಡಕ್ಕೆ ನೀವೇನಾದ್ರೂ ಮಾಲೆ ಹಾಕಿದ್ರಾ?"

"ಆಮಾಂಗ ಅಮ್ಮಣಿ" ಎಂದು ಹೌದೆಂದ, ಕೈ ನಿಲ್ಲಿಸದೆ. "ಪ್ರತಿ ಕಾಡಲ್ಲೂ ಹಾಕ್ತೀವಿ. ಒಂದು ದೊಡ್ಡ ಮರ ಕಡೇಗೆ ಇಟ್ಕೋತೀವಿ. ಕಡಿದ ಮರಗಳ ಸಾಮಿ ಎಲ್ಲಾ ಅದರಲ್ಲಿ ಬಂದು ಕೂತ್ಕೊಳ್ಳುತ್ತೆ. ಅವುಗಳ ಹೂವೇ ತಂದು ಹಾಕಿ, ಮುನಿಸ್ಕೋಬೇಡಪ್ಪಾ, ನಮ್ಮ ಮೇಲೆ ಬೀಳಬೇಡಪ್ಪಾ ಅಂತ ಕೇಳ್ಕೋತೀವಿ."

"ಮಾಲೆ ಕಾಣಲಿಲ್ಲವಲ್ಲ. ಬಿಡಿ ಹೂವು ಇತ್ತು."

"ಹಾಕಿದ ತಕ್ಷಣ ದಾರ ಎಳೆದುಬಿಡ್ತೀವಿ. ಕಟ್ಟಿದ ಹಾಗೇ ಬಿಟ್ರೆ ಸಾಮಿ ಮರಕ್ಕೆ ಕಟ್ಟುಬಿದ್ದು ಹೋಗುತ್ತೆ. ಆಮೇಲೆ ಕಡಿಯೋನ ಗತಿ?"

"ಈ ಹೂವು ಅಷ್ಟು ಎತ್ತರದಲ್ಲಿ ಬಿಡೋದು. ನಿಮ್ಮ ಕೈಗೆ ಹೇಗೆ ಸಿಕ್ತು?"

ಅಂಗಪ್ಪನ್ ನನ್ನನ್ನು ನೋಡಿದ. ಇಷ್ಟೂ ತಿಳಿಯದವಳೇ ಎಂಬ ಕನಿಕರ ಅವನ ಮುಖದಲ್ಲಿತ್ತು.

"ಮರ ಮಲಗಿತ್ತಲ್ಲ, ಅಮ್ಮಣಿ. ಮೇಲೆ ಅಂಚಲ್ಲಿ, ಹೋದ ವಾರ ನಾನೇ ಬೀಳಿಸಿದ್ದು. ಮೈತುಂಬಾ ಹೂವಿತ್ತು. ನಮ್ಮೋಳು ಮಡಿಲು ತುಂಬಾ ಕಿತ್ಕೊಂಡು ಬಂದ್ಲು."

ಕೋಣೆಗೆ ಹಿಂದಿರುಗುವ ದಾರಿ ಚಿಕ್ಕದು, ಅಷ್ಟರಲ್ಲಿ ನನ್ನ ತಲೆಯಲ್ಲಿ ಏನೇನೋ ಓಡಿತು. ಮೇಲಿನ ಮರ ಮೈತುಂಬಾ ಅರಳಿದ ಹೊತ್ತಿನಲ್ಲೂ ಕೆಳಗಿನ ದೊಡ್ಡ ಮರ ತನ್ನದೊಂದು ಹೂವನ್ನೂ ಉದುರಿಸಿಲ್ಲವೆಂದರೆ ಅದು ಬರೀ ದಾಯಾದಿ ಮರ. ಸುಮ್ಮನಿದ್ದುಬಿಟ್ಟರೆ? ಇವರು ಸಂತೋಷವಾಗಿ ಹೌದು ಎನ್ನುತ್ತಾರೆ, ಇಳಿಜಾರು ಉಳಿಯುತ್ತದೆ. ಆದರೆ ಇವತ್ತಲ್ಲ ನಾಳೆ ಆ ಮರ ತನ್ನದೇ ಹೂವು ಬಿಡುತ್ತದೆ. ತಿಳಿದವರು ಯಾರಾದರೂ ಬಂದು ಕತ್ತೆತ್ತಿ ನೋಡಿದರೆ ಮುಗಿಯಿತು. ಕೊಯಮತ್ತೂರಿನಿಂದ ಮದ್ರಾಸಿನವರೆಗೆ ಇವರನ್ನು ಆಡಿಕೊಂಡು ನಗುತ್ತಾರೆ. ಹೇಳಿಬಿಟ್ಟರೆ? ಇವರು ಮ್ಯಾನೇಜರಿಗೆ ಸತ್ಯವನ್ನೇ ಹೇಳುತ್ತಾರೆ, ಮಧ್ಯಾಹ್ನದೊಳಗೆ ಕಾಡಿಗೆ ಕೊಡಲಿ. ಕಾಡಿನ ಸಲುವಾಗಿ ಗಂಡನನ್ನು ಮೂರ್ಖನಾಗಿ ಮಾಡುವ ಅಧಿಕಾರ ನನಗೆ ಯಾರು ಕೊಟ್ಟರು ಎಂದು ನನ್ನ ಮೇಲೇ ಸಿಟ್ಟು ಬಂತು.

ಇವರು ಒದ್ದೆ ತಲೆಯಲ್ಲಿ ಏನೋ ಗುನುಗುತ್ತಾ ಬಂದರು. ನಾನು ಗೋಣಿನೂಲಿನ ಎಳೆಯನ್ನು ಇವರ ಅಂಗೈಯ ಮೇಲಿಟ್ಟೆ. ಹೂವಿನ ತೂತು ತೋರಿಸಿದೆ. ಅಂಗಪ್ಪನ್ ಹೇಳಿದ್ದನ್ನು ಹೇಳಿದೆ. ಗುನುಗು ನಿಂತಿತು. ತಲೆ ಒರೆಸಿಕೊಳ್ಳುವುದನ್ನೂ ಮರೆತು, "ಎಲ್ಲಿ ಅಂದ?" ಎಂದು ಕೇಳಿದರು.

ಅಂಗಪ್ಪನೇ ಮುಂದಾಗಿ ಹತ್ತಿಸಿಕೊಂಡು ಹೋದ. ಕಡಿದ ಜಾಗಕ್ಕೆ ಕಾಲಿಟ್ಟೊಡನೆ ಬಿಸಿಲು ಮುಖಕ್ಕೆ ಹೊಡೆಯಿತು. ಇಳಿಜಾರಿನ ಅಂಚಿನಲ್ಲೇ ಆ ಮರ ಮಲಗಿತ್ತು. ಕಾಂಡದ ಆಚೆ ನಿಂತ ಅಂಗಪ್ಪನ್ ನಮಗೆ ಎದೆಯಿಂದ ಮೇಲಷ್ಟೇ ಕಾಣುತ್ತಿದ್ದ. ಆಕಾಶದಲ್ಲಿ ಇರಬೇಕಾಗಿದ್ದ ಕೊಂಬೆಗಳು ನನ್ನ ಸೊಂಟದ ಎತ್ತರದಲ್ಲಿದ್ದವು. ಎಲೆಗಳೆಲ್ಲ ಸುರುಟಿದ್ದವು. ನಡುನಡುವೆ, ನೀರು ಇನ್ನೂ ಇಳಿಯದ ರೆಂಬೆಗಳಲ್ಲಿ, ಮೊಗ್ಗುಗಳು ಏನೂ ತಿಳಿಯದವರ ಹಾಗೆ ಆ ದಿನವೂ ಅರಳಿದ್ದವು.

ಇವರು ಒಂದು ಹೂವು ಕಿತ್ತು, ಬಿಡಿಸಿ, ಕನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದೇ" ಎಂದರು. "ಎಲೆ, ಹೂವು, ತೊಗಟೆ, ಎಲ್ಲಾ ಕೈಗೆಟುಕೋ ಹಾಗಿದೆ. ಯಾರಿಗೂ ಇಷ್ಟು ಚೆನ್ನಾಗಿ ಸಿಕ್ಕಿರೋದಿಲ್ಲ, ಶಾರದ." ಕನ್ನಡಿ ಇಳಿಸಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಆಗಲೂ ಪೂರ್ತಿ ನೋಡಲಾಗದೆ ಮುಖ ತಿರುಗಿಸಿದೆ.

ಅಂಗಪ್ಪನ್ ತಲೆಯ ವಲ್ಲಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಇದು ಒಂದೇನಾಂಗ ಇದ್ದದ್ದು?" ಎಂದು ಕೇಳಿದ. ಇವರು ಹೌದೆಂದು ತಲೆಯಾಡಿಸಿದರು. "ನಂಗೆ ಯಾರೂ ಹೇಳ್ಲಿಲ್ಲ" ಎಂದು ಅವನು ಕಾಂಡಕ್ಕೆ ಹೇಳುವಂತೆ ಹೇಳಿದ.

ಅಷ್ಟರಲ್ಲಿ ಇವರು ಅಂಚಿನಿಂದ ಕೆಳಗಿನ ನೆರಳಿಗೆ ಇಳಿದಿದ್ದರು. ಹಿಂದೆ ಹೋದೆ. ಮಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ಗೇಣುದ್ದದ ಸಸಿಗಳಿದ್ದವು. ಮೇಲಿನಿಂದ ಬೀಜ ಉರುಳಿ ಬಂದು ಹುಟ್ಟಿದಂತೆ, ಇಳಿಜಾರಿಗೆ ಸಾಲಾಗಿ.

"ಅದರ ಮಕ್ಕಳಾ?" ಎಂದೆ. ನನಗೆ ಜೀವ ಬಂದಿತ್ತು.

"ಅದರವೋ, ಕೆಳಗಿನ ದೊಡ್ಡ ಮರದವೋ" ಎಂದರು. "ಹೂವು ಬಿಡೋವರೆಗೂ ಯಾರೂ ಹೇಳೋಕಾಗಲ್ಲ. ಇವು ಹೂವು ಬಿಡೋ ಹೊತ್ತಿಗೆ ನಾನೂ ಇರಲ್ಲ, ನೀನೂ ಇರಲ್ಲ."

"ಮ್ಯಾನೇಜರಿಗೆ ಇದನ್ನೇ ಹೇಳುಂಗ. ಸಸಿ ಇದೆ ಅಂತ."

"ನಿಂತ ಮರ ಇದ್ರೆ ಕಾಡು ಬಿಡಿ ಅಂತ ಆಜ್ಞೆ. ಯಾವುದೋ ಗೊತ್ತಿಲ್ಲದ ಸಸಿಗೆ ಯಾರು ಬೆಟ್ಟ ಬಿಡ್ತಾರೆ? ನೆರಳು ಹೋದ್ರೆ ಇವು ಒಂದು ಬೇಸಿಗೆ ತಡೆಯಲ್ಲ."

ಕೆಳಗೆ ತಮಟೆ ಬಾರಿಸಿದರು. ಹಾಜರಿ ಶುರುವಾಗಿತ್ತು. ಇವರು ಎದ್ದು, ಮೊಣಕಾಲಿನ ಮಣ್ಣು ಕೊಡವಿಕೊಂಡು ಇಳಿಯತೊಡಗಿದರು. ಇವರ ಬೆನ್ನು ನೋಡುತ್ತಾ ನಡೆದೆ. ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಹುಲ್ಲಿಗೂ ಸುಳ್ಳು ಹೆಸರು ಹಾಕದ ಮನುಷ್ಯ.

ದೊಡ್ಡ ಮರದ ಬುಡದಲ್ಲಿ ಜಯರಾಮನ್ ಕಾಯುತ್ತಿದ್ದ. ಅವನ ಹಿಂದೆ ಕೊಡಲಿಯವರು ಸಾಲಾಗಿ ನಿಂತಿದ್ದರು. ಕೆಲವರು ಆಗಲೇ ಸುತ್ತಲಿನ ಬಳ್ಳಿಗಳನ್ನು ಸವರಿ ಜಾಗ ಮಾಡಿಕೊಂಡಿದ್ದರು. ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಅವನು ತಮಿಳಿನಲ್ಲಿ ಕೇಳಿದ, ಹೇಳಿ ಸಾರ್, ಈ ಮರ ಅದೇ ಹೌದಾ?

ಇವರು ಮರವನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ಇದುದಾನ್" ಎಂದರು. ಇದೇ.

ಜಯರಾಮನ್ ಹಗುರವಾಗಿ ಬಿಡುವವನಲ್ಲ. ಹೂವು ಕೇಳಿ ಪಡೆದು ಬೆಳಕಿಗೆ ಹಿಡಿದ. ಕಂಪನಿಗೆ ಒಂದು ಬೆಟ್ಟದ ಮೈಯೇ ನಷ್ಟ, ದೊಡ್ಡವರು ನನ್ನನ್ನು ಕೇಳುತ್ತಾರೆ, ಅದಕ್ಕೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ ಎಂದ. ಆಮೇಲೆ ತಿರುಗಿದ. "ಅಂಗಪ್ಪಾ, ನೀನು ಕಡಿದವನು. ಈ ಹೂವು ಬೇರೆ ಎಲ್ಲಾದರೂ ನೋಡಿದ್ದೀಯಾ? ಮೇಲೆ?"

ಎಲ್ಲರೂ ಅಂಗಪ್ಪನನ್ನು ನೋಡಿದರು. ಇಳಿಜಾರು ಉಳಿದರೆ ಅವನ ಜನಕ್ಕೆ ಈ ವರ್ಷದ ಕೆಲಸ ಇಲ್ಲಿಗೇ ಮುಗಿಯಿತು. ಒಂದು ಮಾತು ಸಾಕಿತ್ತು. ನನ್ನ ಸೆರಗಿನ ತುದಿಯಲ್ಲಿದ್ದ ಮಾತ್ರೆ ಡಬ್ಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದರ ಮುಚ್ಚಳದ ಅಂಚು ಅಂಗೈಯಲ್ಲಿ ಮೂಡಿತ್ತು.

ಅಂಗಪ್ಪನ್ ಹೂವನ್ನು ತೆಗೆದುಕೊಂಡು, ತಿರುವಿ ನೋಡಿ, ಹಿಂದಕ್ಕೆ ಕೊಟ್ಟ.

"ನಾನು ಬುಡ ನೋಡೋನು ಸಾಮಿ" ಎಂದು ತಮಿಳಿನಲ್ಲಿ ಹೇಳಿದ. "ಕೊಡಲಿ ಹಾಕೋವಾಗ ತಲೆ ಎತ್ತಿ ಹೂವು ನೋಡೋಕೆ ಪುರುಸೊತ್ತು ಇರೋದಿಲ್ಲ." ಹಾಗೆಂದು ತನ್ನ ಜನಕ್ಕೆ ಕೈ ಮಾಡಿದ. ಅವರು ಗೊಣಗುತ್ತಾ ಕೊಡಲಿಗಳನ್ನು ಹೆಗಲಿಗೆ ಹಾಕಿಕೊಂಡು ಇಳಿದು ಹೋದರು. ಅವನೂ ಹೋದ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಒಪ್ಪಿದ ಮೇಲೆ ಜಯರಾಮನ್ ಬೇರೆಯೇ ಮನುಷ್ಯನಾದ. ಕಂಪನಿಯ ದೊರೆಗಳು ನೋಡಲು ಬರುತ್ತಾರೆ, ಗವರ್ನರೇ ಬಂದರೂ ಬಂದಾರು ಎಂದು ಉಬ್ಬಿ, ಚಹಾ ಪೆಟ್ಟಿಗೆಯ ಮುಚ್ಚಳವೊಂದನ್ನು ತರಿಸಿ, ಸ್ಟೋರಿನ ಗುಮಾಸ್ತನಿಗೆ ಬಣ್ಣ ಕೊಟ್ಟು ಅಲ್ಲೇ ಕೂರಿಸಿದ. ಮರದ ಹೆಸರನ್ನು ಇವರು ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಅವನು ಬರೆದು ಮುಗಿಸಿದಾಗ ಜಯರಾಮನ್ ಕುಂಚವನ್ನು ತಡೆದ.

"ಕೆಳಗೆ, ಗುರುತಿಸಿದವರು ಅಂತ ನಿಮ್ಮ ಹೆಸರು ಹಾಕಲೇಬೇಕು, ಸಾರ್. ಬರೋರೆಲ್ಲ ಮೊದಲು ಅದನ್ನೇ ಕೇಳ್ತಾರೆ."

ನಾನು ಬಾಯಿ ತೆರೆದೆ. ಬೇಡ ಎನ್ನಬೇಕೆಂದಿದ್ದೆ. ಹೆಸರಿಲ್ಲದಿದ್ದರೆ ಮುಂದೆ ಯಾರೋ ಒಬ್ಬರ ತಪ್ಪು ಎಂದಾದರೂ ಆಗುತ್ತಿತ್ತು. ಇವರು ನನ್ನ ಕಡೆ ತಿರುಗಿ, ಮನೆಯಲ್ಲಿ ಆಡುವ ದನಿಯಲ್ಲೇ, "ಇರಲಿ, ಶಾರದ. ಹೆಸರಿದ್ರೆ ನಂಬ್ತಾರೆ" ಎಂದರು. ಆಮೇಲೆ ಗುಮಾಸ್ತನಿಗೆ ಇನಿಷಿಯಲ್ಲು ಸಮೇತ ತಮ್ಮ ಹೆಸರು ಹೇಳಿದರು.

ಬಣ್ಣ ಇನ್ನೂ ಹಸಿಯಾಗಿತ್ತು. ಬಡಗಿ ಮೊಳೆ ಹೊಡೆಯಲು ಬಂದಾಗ ಹಲಗೆ ಓರೆಯಾಗಬಾರದೆಂದು ಇವರೇ ಎರಡೂ ಕೈಯಲ್ಲಿ ಅದನ್ನು ಮರಕ್ಕೆ ಒತ್ತಿ ಹಿಡಿದು ನಿಂತರು. ಪ್ರತಿ ಪೆಟ್ಟಿಗೂ ಇವರ ಭುಜ ಅದುರುತ್ತಿತ್ತು. ಮೊಳೆಗಳು ನನ್ನ ಕೈಯಲ್ಲಿದ್ದವು. ಕಣ್ಣು ಮಂಜಾಗಿ ಸರಿಯಾಗಿ ಕಾಣುತ್ತಿರಲಿಲ್ಲ. ಕೇಳಿದಾಗಲೆಲ್ಲ ಒಂದೊಂದಾಗಿ ಎತ್ತಿ ಕೊಟ್ಟೆ.